ಬಾಯಿಗೆ ಬೀಗ, ಜೇಬಿಗೆ ಕೀಲಿ

ನಿಮ್ಮ ಅಳಿಯನ ಉದ್ಯೋಗ ಏನು ಎಂದು ಯಾರಾದರೂ ಕೇಳಿದರೆ, ಬೈಸಿಕೊಳ್ಳುವುದು ಎಂದು ಹೇಳುತ್ತಿದ್ದೆ. ಸುಳ್ಳೇನಲ್ಲ. ವಾಷಿಂಗ್ ಮಷೀನ್ ಕೆಟ್ಟವರು ಕಂಪನಿಗೆ ಫೋನ್ ಮಾಡುತ್ತಾರೆ. ಇವನು ಮನೆಯಲ್ಲೇ ಕೂತು ಅವರ ಸಿಟ್ಟನ್ನೆಲ್ಲ ಕಿವಿಗೆ ತುಂಬಿಕೊಂಡು 'ಖಂಡಿತ ಸರ್, ಕ್ಷಮಿಸಿ ಮೇಡಂ' ಎನ್ನುತ್ತಾನೆ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ, ಅರ್ಧ ದಿನದ ಕೆಲಸ. ನಾನು ಬಸ್ ಕಂಡಕ್ಟರ್ ಆಗಿದ್ದವನು. ನಾನೂ ಬೇಕಾದಷ್ಟು ಬೈಸಿಕೊಂಡಿದ್ದೇನೆ, ಆದರೆ ಒಂದಕ್ಕೆರಡು ವಾಪಸ್ ಕೊಡುತ್ತಿದ್ದೆ. ಇವನದು ಆ ಬಾಯಲ್ಲ. ಇರುವೆ ಎದುರಿಗೆ ಬಂದರೂ ಪಕ್ಕಕ್ಕೆ ಸರಿದು ನಿಲ್ಲುವ ಪ್ರಾಣಿ.

ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಮೂರು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳುವುದು ಅಪ್ಪನ ಪಾಲು. ಅವಳಿಗೆ ಬುಗುರಿ ಎಂದು ಹೆಸರಿಟ್ಟವನು ನಾನು, ನಿಂತಲ್ಲಿ ನಿಲ್ಲುವವಳಲ್ಲ. ಸೊಂಟದ ಆಪರೇಷನ್ ಆದ ಮೇಲೆ ಕೋಲು ಹಿಡಿದು ಅವಳ ಹಿಂದೆ ಓಡುವುದು ನನ್ನಿಂದ ಆಗದ ಮಾತು. ಹಿಂದೊಮ್ಮೆ ಶಿಶುವಿಹಾರಕ್ಕೆ ಬಿಟ್ಟು ನೋಡಿದ್ದರು. ಅತ್ತು ಅತ್ತು ಜ್ವರ ಬರಿಸಿಕೊಂಡಳು. ಅವಳನ್ನು ಹೆಗಲಿಗೆ ಹಾಕಿಕೊಂಡು ಬಂದ ಅಳಿಯ, ಇನ್ನು ಸತ್ತರೂ ಅಲ್ಲಿಗೆ ಕಳಿಸುವುದಿಲ್ಲ ಎಂದ. ಇದ್ದ ಒಳ್ಳೆಯ ಕೆಲಸ ಬಿಟ್ಟು ಈ ಬೈಸಿಕೊಳ್ಳುವ ಕೆಲಸ ಹಿಡಿದ.

ಅದಕ್ಕೊಂದು ಷರತ್ತಿತ್ತು. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಮೇಲ್ವಿಚಾರಕಿಯೊಬ್ಬರು ಕೂತು ಕೇಳುತ್ತಾರೆ. ಹಿಂದೆ ಮನೆಯ ಸದ್ದು ಕೇಳಿಸಬಾರದು. ಕೇಳಿಸಿದರೆ ಮನೆಯಿಂದ ಮಾಡುವುದು ಬಂದ್, ಆಫೀಸಿಗೇ ಬಂದು ದಿನವಿಡೀ ಕೂರಬೇಕು. ಅವನು ಆಫೀಸಿಗೆ ಹೋದರೆ ಮಗು ಮತ್ತೆ ಶಿಶುವಿಹಾರಕ್ಕೆ. ಮೊದಲ ಕೆಲವು ತಿಂಗಳು ಪರೀಕ್ಷೆಯ ಕಾಲ. ಹಾಗಾಗಿ ಅಳಿಯ ತಲೆಗೆ ಹೆಡ್‌ಫೋನ್ ಏರಿಸಿದನೆಂದರೆ ಮನೆಗೆಲ್ಲ ಕರ್ಫ್ಯೂ. ಮಿಕ್ಸಿ ಹಾಕುವಂತಿಲ್ಲ, ನಲ್ಲಿ ಜೋರಾಗಿ ಬಿಡುವಂತಿಲ್ಲ, ನನಗೆ ಕೆಮ್ಮು ಬಂದರೆ ಬಾಲ್ಕನಿಗೆ ಹೋಗಬೇಕು. ಜೀವಮಾನವಿಡೀ 'ಒಳಗೆ ಜಾಗ ಇದೆ, ಮುಂದೆ ನಡೀರಿ' ಎಂದು ಕೂಗಿದ ಗಂಟಲು ನನ್ನದು. ಕೆಮ್ಮುವುದಕ್ಕೂ ಅಪ್ಪಣೆ ಕೇಳುವ ಕಾಲ ಬಂತಲ್ಲ ಎಂದು ಗೊಣಗಿದರೆ ಮಗಳು ನಕ್ಕು ಸುಮ್ಮನಾಗುತ್ತಿದ್ದಳು.

ಬುಗುರಿಗಾಗಿ ಅಳಿಯ ಒಂದು ಆಟ ಕಟ್ಟಿದ್ದ. ಹೆಡ್‌ಫೋನ್ ಹಾಕುವ ಮುಂಚೆ ಅವಳ ತುಟಿಯ ಹತ್ತಿರ ಎರಡು ಬೆರಳು ತಿರುವಿ ಬೀಗ ಹಾಕುವುದು, ಇಲ್ಲದ ಕೀಲಿಯನ್ನು ತನ್ನ ಅಂಗಿಯ ಜೇಬಿಗೆ ಇಳಿಸುವುದು. ಕರೆ ಮುಗಿದ ಮೇಲೆ ಕೀಲಿ ಹೊರತೆಗೆದು ಬೀಗ ಬಿಚ್ಚುವುದು. ಮೊದಮೊದಲು ಅವಳು ಕ್ಷಣಕ್ಕೇ ಕಿಸಕ್ಕನೆ ನಕ್ಕುಬಿಡುತ್ತಿದ್ದಳು. ಬರಬರುತ್ತಾ ಪಳಗಿದಳು. ಏನಾದರೂ ಬೇಕಾದರೆ ಬಂದು ಅಪ್ಪನ ಕುರ್ಚಿಯ ಪಕ್ಕ ನಿಲ್ಲುವಳು. ಅವನು ಪರದೆಯಿಂದ ಕಣ್ಣು ತೆಗೆಯದೆ ಅಂಗೈ ತೋರಿಸುವನು, ತಾಳು ಎಂದು. ತಾಳುವಳು. ಮನೆಗೆ ಬಂದವರೆಲ್ಲ ಎಷ್ಟು ಜಾಣ ಮಗು ಎನ್ನುವರು. ಕೆಳಗಿನ ಮನೆಯವರ ಮುಂದೆ ನಾನೂ ಜಂಬ ಕೊಚ್ಚಿದ್ದುಂಟು.

ಅವತ್ತು ನಾನು ಬಾಲ್ಕನಿಯಲ್ಲಿ ಪೇಪರ್ ಹಿಡಿದು ತೂಕಡಿಸುತ್ತಿದ್ದೆ. ಒಳಗೆ ಅಳಿಯನಿಗೆ ಯಾರೋ ಭಾರಿ ಆಸಾಮಿಯೇ ಗಂಟುಬಿದ್ದಿದ್ದ. 'ಖಂಡಿತ ಸರ್' ನಿಲ್ಲುವ ಲಕ್ಷಣವೇ ಇರಲಿಲ್ಲ. ನೀರು ಕುಡಿಯೋಣವೆಂದು ಎದ್ದು ಬಂದೆ. ಬುಗುರಿ ಎಂದಿನಂತೆ ಕುರ್ಚಿಯ ಪಕ್ಕ ನಿಂತಿದ್ದಳು. ಅಳಿಯ ಎಂದಿನಂತೆ ಅಂಗೈ ತೋರಿಸಿಕೊಂಡು ಮಾತಾಡುತ್ತಿದ್ದ. ಮಲಗುವ ಕೋಣೆಯ ಬಾಗಿಲಿನಿಂದ ಕುರ್ಚಿಯವರೆಗೆ ನೆಲದ ಮೇಲೆ ರಕ್ತದ ಹನಿಗಳಿದ್ದವು. ಬಾಗಿಲಿಗೆ ಸಿಕ್ಕಿ ಅವಳ ಬಲಗೈಯ ನಡುಬೆರಳು ಜಜ್ಜಿಹೋಗಿತ್ತು, ಉಗುರು ಕಿತ್ತು ಎದ್ದಿತ್ತು. ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಮುಖವೆಲ್ಲ ಕಣ್ಣೀರು, ಸದ್ದು ಮಾತ್ರ ಒಂದಿಷ್ಟೂ ಇಲ್ಲ. ನಾನು ಬಾಯಿ ತೆರೆಯುವುದನ್ನು ಕಂಡು, ಬೇಡ ತಾತ ಎಂಬಂತೆ ತಲೆಯಾಡಿಸಿದಳು.

ಅಷ್ಟು ವರ್ಷ ಕೂಗಿದ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಕೋಲಿನಿಂದ ಅಳಿಯನ ಬೆನ್ನಿಗೆ ತಿವಿದೆ. ತಿರುಗಿ ನೋಡಿದವನು ಹೆಡ್‌ಫೋನ್ ಕಿತ್ತು ಎಸೆದ. ಎಸೆದ ರಭಸಕ್ಕೆ ವೈರ್ ಕಿತ್ತು ಬಂದು ಕರೆ ಕಡಿದುಹೋಯಿತು. ಅವಳನ್ನು ಬಾಚಿ ಎತ್ತಿಕೊಂಡ. ಆಗಲೂ ಅವಳು ಅಳಲಿಲ್ಲ. ಬಾಯಿ ಮುಚ್ಚಿಕೊಂಡೇ, ರಕ್ತ ಸುರಿಯುವ ಕೈಯಿಂದ ಅವನ ಅಂಗಿಯ ಜೇಬು ತಟ್ಟಿದಳು. ಇವನಿಗೆ ಏನೂ ಹೊಳೆಯಲಿಲ್ಲ, ಏನಾಯ್ತು ಏನಾಯ್ತು ಎಂದು ಅವಳನ್ನೇ ಕೇಳುತ್ತಿದ್ದ. ನಾನೇ ಹೇಳಬೇಕಾಯಿತು.

"ಬೀಗ ತೆಗಿಯಪ್ಪಾ. ಮೊದ್ಲು ಬೀಗ ತೆಗಿ."

ಜೇಬಿಗೆ ಕೈ ಹಾಕಿ ಕೀಲಿ ತೆಗೆದು, ಅವಳ ತುಟಿಯ ಹತ್ತಿರ ತಿರುವಿದ. ಆಮೇಲೆ ಅವಳು ಇಟ್ಟ ಚೀರಾಟಕ್ಕೆ ಕೆಳಗಿನ ಮನೆಯವರು ಓಡಿ ಬಂದರು.

ಎಕ್ಸ್‌ರೇ ತೆಗೆದವಳು ಮಗಳೇ. ಮೂಳೆ ಮುರಿದಿರಲಿಲ್ಲ, ಉಗುರು ಮಾತ್ರ ಹೋಯಿತು. ಕೈ ಅಲ್ಲಾಡಿಸಬೇಡಿ ಅಂದರೆ ದೊಡ್ಡವರೇ ಕೇಳುವುದಿಲ್ಲ, ಇವಳು ಉಸಿರೆತ್ತದೆ ಇಟ್ಟುಕೊಂಡಿದ್ದಳು ಎಂದು ಜೊತೆಯವರು ಹೊಗಳಿದರಂತೆ. ಅದನ್ನು ನಮಗೆ ಹೇಳಿ ಮಗಳು ಅಡುಗೆಮನೆಗೆ ಹೋಗಿ ಅತ್ತಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೂ ಸ್ವಲ್ಪ ಹಗುರಾಗುತ್ತಿತ್ತು, ಬೈಸಿಕೊಂಡು ರೂಢಿ ಇದ್ದವನು ನೋಡಿ.

ಬ್ಯಾಂಡೇಜ್ ಇನ್ನೂ ಬಿಚ್ಚಿರಲಿಲ್ಲ, ಮೇಲ್ವಿಚಾರಕಿಯ ಫೋನ್ ಬಂತು. ಮಡಿಲಲ್ಲಿ ಮಗು ಮಲಗಿದ್ದರಿಂದ ಅಳಿಯ ಸ್ಪೀಕರಿಗೆ ಹಾಕಿದ್ದ, ನನಗೂ ಎಲ್ಲ ಕೇಳಿಸಿತು. ಪರೀಕ್ಷೆಯಲ್ಲಿ ಪಾಸಾಗಿದ್ದಾನಂತೆ. ಇನ್ನು ಮುಂದೆ ಕೆಲಸ ಕಾಯಂ, ಮನೆಯಿಂದಲೇ. ಆ ಸಿಡುಕು ಗಿರಾಕಿಯ ಕರೆಯನ್ನು ಅವರೇ ಪೂರ್ತಿ ಕೇಳಿದರಂತೆ. ಕೊನೆಗೆ ಲೈನ್ ಕಟ್ ಆಯಿತು, ಅದೇನು ದೊಡ್ಡ ವಿಷಯವಲ್ಲ ಎಂದರು.

"ಹಿಂದೆ ಒಂಚೂರೂ ಸದ್ದಿಲ್ಲ ನೋಡಿ. ನಿಮ್ಮನೇಲಿ ಮಗು ಇದೆ ಅಂತ ಗೊತ್ತೇ ಆಗಲ್ಲ."

ಅಳಿಯ ಮಡಿಲಲ್ಲಿದ್ದ ಮಗುವಿನ ಬ್ಯಾಂಡೇಜ್ ಬೆರಳನ್ನು ಅಂಗೈಯೊಳಗೆ ಇಟ್ಟುಕೊಂಡ.

"ಹೌದು ಮೇಡಂ. ನನಗೂ ಗೊತ್ತಾಗ್ಲಿಲ್ಲ."

ಅವರಿಗೆ ತಮಾಷೆ ಅನ್ನಿಸಿರಬೇಕು, ನಕ್ಕರು. ಇವನು ನಗಲಿಲ್ಲ. ಮನೆಯಿಂದ ಬೇಡ, ಆಫೀಸಿಗೇ ಬರುತ್ತೇನೆ ಎಂದ. ಬೇಡಿದ್ದು ಕೈಗೆ ಸಿಕ್ಕ ದಿನವೇ ಬೇಡ ಅನ್ನುವ ಪೆದ್ದ ಎಂದು ನನಗೆ ಮೈ ಉರಿಯಿತು. ಆದರೆ ಅವನ ಮುಖ ನೋಡಿ ಬಾಯಿ ಬಿಡಲಿಲ್ಲ.

ಅವಳನ್ನು ಶಿಶುವಿಹಾರಕ್ಕೆ ಬಿಡುವ ದಿನ ನಾನೂ ಕೋಲೂರಿಕೊಂಡು ಹೋದೆ. ದಾರಿಯುದ್ದಕ್ಕೂ ಬುಗುರಿ ತುಟಿಪಿಟಕ್ಕೆನ್ನಲಿಲ್ಲ. ಗೇಟಿನ ಹತ್ತಿರ ಬಂದಾಗ ಅವಳಿಗೆ ಹಳೆಯದೆಲ್ಲ ನೆನಪಾಯಿತೋ ಏನೋ, ಅಪ್ಪನ ಪ್ಯಾಂಟು ಹಿಡಿದುಕೊಂಡು ರಚ್ಚೆ ಹಿಡಿದಳು. ಟೀಚರ್ ಒಳ್ಳೆಯ ಹೆಣ್ಣುಮಗಳು. ಲಗುಬಗೆಯಿಂದ ಬಂದು ಮಗುವಿನ ಮುಂದೆ ಕೂತು, ತನ್ನ ತುಟಿಯ ಮೇಲೆ ಬೆರಳಿಟ್ಟು ಶ್ ಎಂದಳು. ಬುಗುರಿ ತಕ್ಷಣ ಬಾಯಿ ಮುಚ್ಚಿದಳು.

"ಶ್ ಅನ್ಬೇಡಿ," ಎಂದ ಅಳಿಯ. ಅವನು ದನಿ ಏರಿಸಿದ್ದನ್ನು ನಾನು ಕಂಡದ್ದು ಅವತ್ತೇ. "ಅಳಲಿ ಬಿಡಿ. ಎಷ್ಟು ಬೇಕಾದ್ರೂ ಅಳಲಿ."

ಟೀಚರ್ ಬೆಪ್ಪಾಗಿ ಬೆರಳು ತೆಗೆದಳು, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ 'ಅಪ್ಪಾ' ಎಂಬ ಕೂಗು ಕಿಟಕಿಯಿಂದ ಹೊರಟು ಬೀದಿಗೆಲ್ಲ ಕೇಳಿಸಿತು. ಎದುರಿನ ಅಂಗಡಿಯವನು ಹೊರಗೆ ಬಂದು ನಮ್ಮನ್ನು ಗುರಾಯಿಸಿದ. ಅಳಿಯ ಗೇಟು ಹಿಡಿದುಕೊಂಡು ನಿಂತೇ ಇದ್ದ, ಒಳಗೆ ಓಡಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಕೇಳಿಸ್ತಿದೆಯಾ ಮಾವ?"

"ಕೇಳಿಸ್ತಿದೆ ಕಣಪ್ಪಾ," ಎಂದೆ.