ಎರಡು ಅಲಗು, ಮೂರು ಅಲಗು

ಆರಿನ್ ಸ್ಟಾವಿಗ್ ಬಿಡಿಭಾಗಗಳ ಕಿಟ್ ತರಿಸಿ ತನ್ನ ವಿಮಾನವನ್ನು ತಾನೇ ಕಟ್ಟಿದ್ದ. ಅದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಅವನು ಹೊರಗಿನಿಂದ ರಿವೆಟ್ ಹೊಡೆಯುವಾಗ ರೆಕ್ಕೆಯೊಳಗೆ ಕೈ ತೂರಿಸಿ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯುತ್ತಿದ್ದವಳು ಹೆಂಡತಿ ಮಾರ್ಲಿಸ್. ವಿಮಾನ ನಿಲ್ಲಿಸುವ ಪಕ್ಕದ ಶೆಡ್ಡಿನಲ್ಲಿ, ಹ್ಯಾಂಗರಿನಲ್ಲಿ, ಅಂಥದೇ ಕಿಟ್ ತರಿಸಿ ಅಂಥದೇ ವಿಮಾನ ಕಟ್ಟುತ್ತಿದ್ದವನು ಗಾರ್ತ್ ಹಾಲ್ಕಂ. ಎರಡಕ್ಕೂ ಒಂದೇ ರೆಕ್ಕೆ, ಒಂದೇ ಎಂಜಿನ್. ಮೂಗಿನ ತುದಿಗೆ ಬಂದಾಗ ಮಾತ್ರ ಸ್ನೇಹಿತರ ದಾರಿ ಬೇರೆಯಾಯಿತು. ಆರಿನ್ ಅಲ್ಯೂಮಿನಿಯಂನ ಎರಡು ಅಲಗಿನ ಪ್ರೊಪೆಲರ್ ಹಾಕಿದ. ಗಾರ್ತ್ ಮರದ ತಿರುಳಿನ ಮೇಲೆ ಕಾರ್ಬನ್ ನಾರು ಹೊದಿಸಿದ ಮೂರು ಅಲಗಿನದನ್ನು ಹಾಕಿದ.

ಎರಡೂ ಪ್ರೊಪೆಲರುಗಳು ಎಂಜಿನ್ನಿನ ವೇಗವನ್ನು ಒಂದೇ ಸಮ ಕಾಯುವ ಜಾತಿಯವು. ಏರುವಾಗ ಅಲಗುಗಳು ತಾವಾಗಿಯೇ ಓರೆ ಕಡಿಮೆ ಮಾಡಿಕೊಳ್ಳುತ್ತವೆ, ನೇರಕ್ಕೆ ಬಂದು ಓಟ ಹಿಡಿದಾಗ ಓರೆ ಹೆಚ್ಚಿಸಿಕೊಂಡು ಗಾಳಿಯನ್ನು ಬಲವಾಗಿ ಕಚ್ಚುತ್ತವೆ. ಯಾವುದು ಚೆನ್ನಾಗಿ ಕಚ್ಚುತ್ತದೆ ಎಂಬುದರ ಮೇಲೆ ಆ ಇಬ್ಬರ ನಡುವೆ ಪ್ರತಿ ಶನಿವಾರವೂ ಜಗಳ. ಸಕ್ಕರೆ ಬೀಟ್ ಹೊಲಗಳ ನಡುವಿನ ಆ ಪುಟ್ಟ ವಿಮಾನ ನಿಲ್ದಾಣದಲ್ಲಿ, ಹವ್ಯಾಸಿ ಪೈಲಟ್‌ಗಳ ಸಂಘದ ಕೋಣೆಯ ಉದ್ದ ಮೇಜಿಗೆ ಪ್ಯಾನ್‌ಕೇಕ್ ಬರುವ ಮೊದಲೇ ಅದು ಶುರುವಾಗುತ್ತಿತ್ತು.

"ಅದು ಪ್ರೊಪೆಲರ್ ಅಲ್ಲ ಕಣೋ, ಕೋಳಿ ಫಾರಮ್ಮಿನ ಫ್ಯಾನು," ಎನ್ನುತ್ತಿದ್ದ ಆರಿನ್.

"ಫ್ಯಾನಾದ್ರೂ ಹಗುರಾಗಿದೆ. ನೀನು ಮೂಗಿಗೆ ರೈಲ್ವೆ ಕಂಬಿ ಕಟ್ಕೊಂಡು ಹಾರ್ತಿದೀಯಲ್ಲ, ನಾಚಿಕೆ ಆಗಲ್ವಾ?"

"ಮೇಲ್ಗಡೆ ಬಾ, ತೋರಿಸ್ತೀನಿ."

"ಬರ್ತೀನಿ. ನೀನು ನೆಲ ಬಿಡೋವರೆಗೂ ಅಲ್ಲೇ ಸುತ್ತು ಹಾಕ್ತಾ ಕಾಯ್ತಿರ್ತೀನಿ."

ಮೇಜಿನ ಸುತ್ತ ಕೂತವರಿಗೆ ಇದು ಪ್ಯಾನ್‌ಕೇಕಿನಷ್ಟೇ ರುಚಿ. ಆರಿನ್‌ಗೋ, ವಾರವೆಲ್ಲ ಕಾಯುತ್ತಿದ್ದದ್ದೇ ಇದಕ್ಕೆ.

ಒಂದು ವಸಂತದಲ್ಲಿ ಆರಿನ್ ಕಿರಾಣಿ ಅಂಗಡಿಯಲ್ಲಿ ಕುಸಿದು ಬಿದ್ದ. ಡಾಕ್ಟರು ಎದೆಯ ಚರ್ಮದಡಿ ಹೃದಯದ ಬಡಿತ ಕಾಯುವ ಒಂದು ಸಣ್ಣ ಯಂತ್ರ ಕೂರಿಸಿ ಜೀವ ಉಳಿಸಿದರು. ಅದರ ಜೊತೆಗೇ ವಿಮಾನ ಹಾರಿಸುವ ಅನುಮತಿ ಹೋಯಿತು. ವಿಮಾನಕ್ಕೆ ಬಟ್ಟೆ ಹೊದಿಸಿ ನಿಲ್ಲಿಸಿದ. ಬೇಸಿಗೆಯೆಲ್ಲ ಹ್ಯಾಂಗರಿನ ಬಾಗಿಲು ತೆರೆದು ಕೂತು, ಗಾರ್ತ್ ಏರುವುದನ್ನೂ ಇಳಿಯುವುದನ್ನೂ ನೋಡಿದ.

ಬೇಸಿಗೆಯ ಕೊನೆಯಲ್ಲಿ ಸಂಘದವರು ಒಂದು ಮಾತೆತ್ತಿದರು. ವಾದ ಸಾಕು, ಒಂದೇ ವಿಮಾನಕ್ಕೆ ಒಂದೇ ದಿನ ಎರಡೂ ಪ್ರೊಪೆಲರ್ ಹಾಕಿ ಹಾರಿಸಿ ನೋಡೋಣ, ಆರಿನ್‌ನ ವಿಮಾನ ಸುಮ್ಮನೆ ನಿಂತಿದೆಯಲ್ಲ. ಆರಿನ್ ಒಪ್ಪಿದ. ಹಾರಿಸುವವನು ಗಾರ್ತ್.

"ನೀನು ಬಲಗಡೆ ಸೀಟಲ್ಲಿ ಕೂತ್ಕೋ, ಮಾಪಕ ನೋಡ್ಕೋ," ಎಂದ ಗಾರ್ತ್.

"ನಾನು ಕಟ್ಟಿದ ವಿಮಾನದಲ್ಲಿ ನಾನೇ ಪ್ರಯಾಣಿಕನಾ? ನೀನೊಬ್ನೇ ಹೋಗು."

ಪರೀಕ್ಷೆಯ ದಿನ ಆಕಾಶ ತಿಳಿಯಾಗಿತ್ತು, ಗಾಳಿ ಇರಲೇ ಇಲ್ಲ. ಮೊದಲು ಲೋಹದ ಪ್ರೊಪೆಲರ್. ಮೂಗಿನ ಭಾರಕ್ಕೆ ಸರಿದೂಗಲೆಂದು ಆರಿನ್ ಯಾವಾಗಲೂ ಸೀಟಿನ ಹಿಂದೆ ಇಡುತ್ತಿದ್ದ ಮರಳಿನ ಚೀಲವೂ ಒಳಗಿತ್ತು. ವಿಮಾನ ರನ್‌ವೇಯಲ್ಲಿ ಓಡಿ, ಪೆಟ್ರೋಲ್ ಪಂಪು ದಾಟಿ, ಗಾಳಿಯ ದಿಕ್ಕು ತೋರುವ ಬಟ್ಟೆಚೀಲದ ಕಂಬ ದಾಟಿ ಮೇಲೆದ್ದಿತು. ಗಾರ್ತ್ ಇಳಿದು ಬಂದ ಮೇಲೆ ಇಬ್ಬರೂ ಸೇರಿ ಪ್ರೊಪೆಲರ್ ಬಿಚ್ಚಿದರು. ಗಾರ್ತ್‌ನ ಮೂರು ಅಲಗನ್ನು ಏರಿಸಿ, ಬೋಲ್ಟು ಬಿಗಿದು, ಬೋಲ್ಟು ಸಡಿಲವಾಗದಂತೆ ತಂತಿ ಹೆಣೆದದ್ದು ಆರಿನ್. ಅವನ ಕೈ ಈಗಲೂ ಗಟ್ಟಿಯಾಗಿತ್ತು. ಮೂಗು ಹಗುರಾದ್ದರಿಂದ ಮರಳಿನ ಚೀಲ ತೆಗೆದಿಟ್ಟರು. ಈ ಸಲ ವಿಮಾನ ಪಂಪಿನ ಹತ್ತಿರ ಬರುವ ಮೊದಲೇ ಚಕ್ರ ಎತ್ತಿತು. ಆರಿನ್ ಹಾಗೇ ನೋಡುತ್ತ ನಿಂತ.

ಗಾರ್ತ್ ಇಳಿದ. ಹೆಡ್‌ಸೆಟ್ ಕತ್ತಿಗೆ ಜಾರಿಸಿಕೊಂಡು, ಎಲ್ಲರ ಎದುರು ಹೇಳಿದ: "ಆರಿನ್ ಗೆದ್ದ. ಏರೋದ್ರಲ್ಲೂ ಅವನದೇ ಮುಂದೆ, ಓಟದಲ್ಲೂ ಅವನದೇ."

ಮೊದಲು ಚಪ್ಪಾಳೆ ತಟ್ಟಿದವಳು ಮಾರ್ಲಿಸ್. ಆಮೇಲೆ ಎಲ್ಲರೂ ತಟ್ಟಿದರು. ಯಾರೋ ಆರಿನ್‌ನ ಬೆನ್ನು ಸವರಿದರು. ಬೆನ್ನಿಗೆ ಗುದ್ದಬೇಕಾದ ಕೈ ಸವರಿತು ಎನ್ನುವುದು ಅವನಿಗೆ ಆಗಲೇ ಚುಚ್ಚಿತು.

ಮನೆಗೆ ಹೋಗುವಾಗ ಪಿಕಪ್ ಓಡಿಸುತ್ತಿದ್ದವಳು ಮಾರ್ಲಿಸ್. "ಖುಷಿ ಆಯ್ತಾ?" ಎಂದಳು.

ಆರಿನ್ ಕಿಟಕಿಯಾಚೆ ನೋಡುತ್ತಿದ್ದ. ಕಣ್ಣ ಮುಂದೆ ಆ ಎರಡು ಏರುವಿಕೆಗಳು ಇದ್ದವು. ಅದಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದದ್ದು ಗಾರ್ತ್‌ನ ಮುಖ. ಆ ಮನುಷ್ಯ ಇಸ್ಪೀಟಿನಲ್ಲಿ ಸೋತರೂ ಎಲೆ ಎಸೆದು ಬೈಯುವವನು. ಇವತ್ತು ಸೋತವನು ಮೆತ್ತಗೆ, ಪಾದ್ರಿಯ ಹಾಗೆ ಮಾತಾಡಿದ್ದ.

ಮರುದಿನ ಬೆಳಿಗ್ಗೆ ಆರಿನ್ ಗಾರ್ತ್‌ನ ಹ್ಯಾಂಗರಿಗೆ ಹೋದ. ಗಾರ್ತ್ ತನ್ನ ಪ್ರೊಪೆಲರನ್ನು ಮತ್ತೆ ತನ್ನ ವಿಮಾನಕ್ಕೆ ಕೂರಿಸುತ್ತಿದ್ದ.

"ಸೋತಿರೋದನ್ನ ಯಾಕೋ ವಾಪಸ್ ಹಾಕ್ತಿದೀಯ?"

"ಇರೋದು ಇದೇ ತಾನೇ?"

"ಗಾರ್ತ್, ನನ್ನ ಎದೆ ಕೆಟ್ಟಿರೋದು. ಕಣ್ಣಲ್ಲ."

ಗಾರ್ತ್ ಸ್ಪ್ಯಾನರ್ ಕೆಳಗಿಟ್ಟ. ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿದ. "ಏನು ವ್ಯತ್ಯಾಸ ಆಗುತ್ತೆ ಮಾರಾಯ? ಒಂದಿಷ್ಟು ಮೈಲಿ. ಬಿಡು."

"ಯಾವುದು ಮುಂದೆ?"

"ಬಿಡು ಅಂದೆನಲ್ಲ."

"ಬೊಗಳು."

"ನಂದು," ಎಂದ ಗಾರ್ತ್. "ಏರೋದ್ರಲ್ಲಿ ತುಂಬಾನೇ. ಓಟದಲ್ಲಿ ಸ್ವಲ್ಪ." ಆಮೇಲೆ ನೆಲ ನೋಡುತ್ತ ಸೇರಿಸಿದ: "ಮಾರ್ಲಿಸ್ ಬಂದು ಕೇಳ್ಕೊಂಡ್ಲು ಕಣೋ. ಈ ವರ್ಷ ಅವನ ಕೈಯಿಂದ ಎಲ್ಲಾ ಹೋಯ್ತು, ಇದೊಂದಾದ್ರೂ ಇರ್ಲಿ ಅಂದ್ಲು. ಕಣ್ಣೀರು ಹಾಕ್ಕೊಂಡ್ಲು. ನಾನೇನು ಮಾಡ್ಲಿ?"

ಆರಿನ್ ಮನೆಗೆ ಬಂದಾಗ ಮಾರ್ಲಿಸ್ ಸಿಂಕಿನ ಬಳಿ ಆಲೂಗಡ್ಡೆ ಸುಲಿಯುತ್ತಿದ್ದಳು. ಅವನ ಮುಖ ನೋಡಿದವಳೇ ಚಾಕು ಕೆಳಗಿಟ್ಟಳು.

"ನಾನು ಸತ್ತಿಲ್ಲ ಮಾರ್ಲಿಸ್."

"ಹಾಗಂತ ಯಾರಂದ್ರು?"

"ನೀವಿಬ್ರೂ. ಸತ್ತೋನ ಬಗ್ಗೆ ಮಾತ್ರ ಹಾಗೆ ಒಳ್ಳೆ ಮಾತು ಹೇಳಿಸ್ತಾರೆ."

"ಬೇಸಿಗೆಯೆಲ್ಲಾ ನೀನು ಆ ಬಾಗಿಲಲ್ಲಿ ಕೂತಿದ್ದೆ," ಎಂದಳು ಅವಳು. ದನಿ ಗಟ್ಟಿಯಾಯಿತು. "ನನ್ನ ಜೊತೆ ನಾಲ್ಕು ಮಾತಾಡ್ಲಿಲ್ಲ. ನೋಡ್ತಾ ನೋಡ್ತಾ ನಂಗೆ ಹುಚ್ಚು ಹಿಡೀತಿತ್ತು. ಏನಾದ್ರೂ ಒಂದು ಗೆದ್ರೆ ಮನೆಗೆ ವಾಪಸ್ ಬರ್ತೀಯೇನೋ ಅಂದ್ಕೊಂಡೆ. ತಪ್ಪಾ?"

ಅದಕ್ಕೊಂದು ಉತ್ತರ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಆಗ ಅವನು ಫೋನ್ ಎತ್ತಿ ಗಾರ್ತ್‌ಗೆ ಹೇಳಿದ: "ಇನ್ನೊಂದ್ಸಲ ಹಾರಿಸೋಣ. ನಾನೂ ಕೂರ್ತೀನಿ."

ಹಾಗೆ ಆರಿನ್ ಸ್ಟಾವಿಗ್ ತನ್ನ ವಿಮಾನದ ಬಲಗಡೆ ಸೀಟಿನಲ್ಲಿ ಮೊದಲ ಸಲ ಕೂತ. ಎರಡು ಅಲಗಿನ ಹಾರಾಟ ಅವನಿಗೆ ಗೊತ್ತಿದ್ದದ್ದೇ. ಸೊಂಟಕ್ಕೆ ಬರುತ್ತಿದ್ದ ಆ ಹಳೆಯ ಕಂಪನವನ್ನು ಎಂಜಿನ್ನಿನದೇ ಸ್ವಭಾವವೆಂದು ತಿಳಿದಿದ್ದ. ಮೂರು ಅಲಗಿನಲ್ಲಿ ಆ ಕಂಪನ ಇರಲಿಲ್ಲ. ವಿಮಾನ ಎಣ್ಣೆಯ ಮೇಲೆ ಜಾರಿದ ಹಾಗೆ ಏರಿತು. ಏರುವ ವೇಗದ ಮಾಪಕದ ಮುಳ್ಳು ಅವನು ಎಂದೂ ಕಾಣದ ಕಡೆ ಹೋಗಿ ನಿಂತಿತು. ತಾನು ಕಟ್ಟಿದ ವಿಮಾನ ಇಷ್ಟು ಚೆನ್ನಾಗಿ ಹಾರಬಲ್ಲುದು ಎಂದು ಅವನಿಗೆ ತಿಳಿದದ್ದು, ಅದನ್ನು ಹಾರಿಸುವ ಹಕ್ಕು ಹೋದ ಮೇಲೆ.

"ಹಿಡ್ಕೊಳ್ಳೋ," ಎಂದ ಗಾರ್ತ್, ನಿಯಂತ್ರಣದ ಕೋಲಿನಿಂದ ಕೈ ತೆಗೆಯುತ್ತ. "ಯಾರು ನೋಡ್ತಾರೆ?"

ಆರಿನ್ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. "ಇಳಿಸು," ಎಂದ.

ಶನಿವಾರ ಸಂಘದ ಕೋಣೆಯಲ್ಲಿ ಎದ್ದು ನಿಂತು, ಹೋದ ವಾರದ ಮಾತು ಸುಳ್ಳು, ಗೆದ್ದದ್ದು ಗಾರ್ತ್‌ನ ಪ್ರೊಪೆಲರ್ ಎಂದು ಹೇಳಿದ. ಹೆಂಡತಿಯ ಹೆಸರು ತೆಗೆಯಲಿಲ್ಲ. ಈಗ ಗಾರ್ತ್ ಮೇಜು ಗುದ್ದಿ ನಗುತ್ತಾನೆ, ರೈಲ್ವೆ ಕಂಬಿಯ ಮಾತೆತ್ತುತ್ತಾನೆ ಎಂದು ಕಾದ. ಗಾರ್ತ್ ತಟ್ಟೆ ನೋಡುತ್ತ ಕೂತಿದ್ದ. "ದೊಡ್ಡ ಮನಸ್ಸು ಆರಿನ್," ಎಂದರು ಯಾರೋ. ಮಿಕ್ಕವರು ತಲೆಯಾಡಿಸಿದರು.

ಮಾರ್ಲಿಸ್ ಅಂದು ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ಮನೆಯಲ್ಲಿ ಊಟಕ್ಕೆ ಕರೆಯುತ್ತಿದ್ದಳು, ಮಾತ್ರೆ ತೆಗೆದಿಡುತ್ತಿದ್ದಳು, ಹವಾಮಾನದ ಬಗ್ಗೆ ಹೇಳುತ್ತಿದ್ದಳು, ಅಷ್ಟೇ.

ಚಳಿಗಾಲದ ಒಂದು ಶನಿವಾರ ಹಿಮದ ಮೇಲಿಳಿಯುವ ಚಕ್ರಗಳ ಬಗ್ಗೆ ಮೇಜಿನಲ್ಲಿ ಜಗಳ ಹತ್ತಿತು. ಅಗಲ ಚಕ್ರವೇ ಸರಿ ಎಂದು ಒಬ್ಬ, ಚಕ್ರದ ಬದಲು ಹಿಮದಲ್ಲಿ ಜಾರುವ ಪಟ್ಟಿಯೇ ಸರಿ ಎಂದು ಇನ್ನೊಬ್ಬ, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. ಆರಿನ್‌ಗೆ ಮೈ ಬಿಸಿಯಾಯಿತು. "ನಿಮ್ಮ ತಲೆ! ಎರಡೂ ಅಲ್ಲ," ಎಂದು ಬಾಯಿ ಹಾಕಿದ.

ಎಲ್ಲರೂ ಫೋರ್ಕು ಕೆಳಗಿಟ್ಟು, ವಿನಯದಿಂದ ಅವನತ್ತ ತಿರುಗಿ ಕೂತರು.

"ಹೇಳು ಆರಿನ್," ಎಂದ ಗಾರ್ತ್, ಮೆತ್ತಗೆ.

ಅವನು ಏನೋ ಎರಡು ಮಾತು ಹೇಳಿ ಮುಗಿಸಿದ. ಒಬ್ಬರೂ ಎದುರಾಡದೆ ಎಲ್ಲರೂ ಒಪ್ಪಿಕೊಂಡರು. ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಕೋಟು ಹಾಕಿಕೊಂಡು ಹೊರಗೆ ನಡೆದ.