ಕೋಟೆ ಹತ್ತಿದ ಕಡಸು

"ಹತ್ತೋದು ಹತ್ತಿಬಿಡ್ತವೆ. ಇಳಿಯೋಕೆ ಮಾತ್ರ ಯಾವ ದನಕ್ಕೂ ಬರಲ್ಲ," ಎಂದ ಪಕ್ಕದ ಹೊಲದ ಜಾರ್ಲತ್, ಜೆಸಿಬಿ ಮೇಲೆ ಕೂತೇ.

ಕೋಲ್ಮನ್ ಹೆಹಿರ್‌ನ ಹುಲ್ಲುಗಾವಲಿನ ನಡುವೆ ನಿಂತ ಹಳೆಯ ಕೋಟೆಯ ಮಹಡಿಯಿಂದ ಗಬ್ಬದ ಕಡಸು ಒಂದೇ ಸಮನೆ ಕೂಗುತ್ತಿತ್ತು. ಬೆಳಗಿನ ಗಾಳಿಮಳೆಗೆ ಬೆದರಿ ಕಲ್ಲುಮೆಟ್ಟಿಲು ಹತ್ತಿಹೋದದ್ದು, ಈಗ ಕೆಳಗೆ ನೋಡಿದರೆ ಕಾಲೇ ಕೀಳುತ್ತಿರಲಿಲ್ಲ.

"ಆ ಕಿಟಕಿ ಒಡೆದು, ಮಣ್ಣು ಸುರಿದು ದಾರಿ ಮಾಡ್ಕೊಡ್ತೀನಿ. ಹಳೇ ಕೋಟೆ ಮುಟ್ಟಬಾರದು ಅನ್ನೋ ಸರ್ಕಾರದೋರು ಕೇಳಿದ್ರೆ ಗಾಳಿಗೆ ಬಿತ್ತು ಅನ್ನು," ಎಂದ ಜಾರ್ಲತ್.

"ಐನೂರು ವರ್ಷ ಬೀಳದೆ ಇದ್ದದ್ದು ಇವತ್ತೇ ಬಿತ್ತಾ?" ಎಂದಳು ಕೋಲ್ಮನ್‌ನ ಹೆಂಡತಿ ಅಸಂಪ್ಟಾ.

"ಬೀಳಲಿ ಬಿಡೆ. ನನ್ನ ಜಮೀನಲ್ಲಿ ನನ್ನ ಮಾತು ಕೇಳದೆ ಇರೋದು ಅದೊಂದೇ," ಎಂದ ಕೋಲ್ಮನ್.

"ಒಂದಲ್ಲ, ಎರಡು," ಎಂದು ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

ಕಡಸಿಗೆ ಹಗ್ಗ ಹಾಕಲು ಕೋಲ್ಮನ್ ಮೇಲೆ ಹೋದ. ನಿಜ ಹೇಳಬೇಕೆಂದರೆ, ದಿನವೂ ಆ ಕೋಟೆಯನ್ನು ಬೈಯುತ್ತಿದ್ದವನು ಅದರೊಳಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಕಡಸಿನ ಬೆನ್ನು ಸವರುತ್ತಾ ತಲೆಯೆತ್ತಿದ. ಕಮಾನು ಕಟ್ಟುವಾಗ ಕೆಳಗೆ ಆಸರೆಗಿಟ್ಟ ಕಡ್ಡಿತಟ್ಟಿಯ ಹೆಣಿಗೆ ಚಾವಣಿಯ ಗಾರೆಯಲ್ಲಿ ಎಳೆಎಳೆಯಾಗಿ ಅಚ್ಚೊತ್ತಿತ್ತು. ತಟ್ಟಿ ಮಣ್ಣಾಗಿ ಯಾವ ಕಾಲವಾಯಿತೋ, ಹೆಣಿಗೆ ನಿನ್ನೆ ಹೆಣೆದಂತಿತ್ತು. ಎಂಥ ಕೆಲಸಗಾರರಪ್ಪ ಅವರು. ಗೋಡೆ ಬಾಗಿ ಕಮಾನಾಗುವ ಕಡೆ ಗಾರೆಯಲ್ಲಿ ಒಂದು ಅಂಗೈ ಗುರುತೂ ಇತ್ತು. ಅದರ ಮೇಲೆ ತನ್ನ ಕೈಯಿಟ್ಟು ನೋಡಿದ. ಇವನ ಕೈ ದೊಡ್ಡದಾಯಿತು.

ಕೆಳಗಿಳಿದು ಬಂದವನು, "ಜಾರ್ಲತ್, ಕಿಟಕಿ ಮುಟ್ಟಬೇಡ, ಗಾಡಿ ಮನೆಗೆ ಹೊಡಿ. ಮೆಟ್ಟಿಲಿಗೆ ತುಂಬೋಕೆ ಹುಲ್ಲು ತಗೊಂಬಾ, ಎಷ್ಟಿದೆಯೋ ಅಷ್ಟೂ," ಎಂದ.

"ಕಡಸು ಕಾಲು ಮುರ್ಕೊಂಡ್ರೆ?"

"ನನ್ನ ಕಡಸು. ಮುರ್ಕೊಳ್ಳಲಿ."

ಮೂವರೂ ಸೇರಿ ಮೆಟ್ಟಿಲೇ ಕಾಣದಂತೆ ಹುಲ್ಲು ತುಳಿದು ತುಂಬಿ ಇಳಿಜಾರು ಮಾಡಿದರು. ಕಡಸು ಮೂಸಿ ನೋಡಿತು, ಒಂದು ಬಾಯಿ ತಿಂದಿತು, ಆಮೇಲೆ ಕಾಲಿಟ್ಟಿತು. ಬಾಗಿಲಿಗೆ ಬರುವಷ್ಟರಲ್ಲಿ ಕೋಲ್ಮನ್‌ನ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು.

ಜಾರ್ಲತ್ ಹೋದ ಮೇಲೆ ಅಸಂಪ್ಟಾ ಚಹಾಕ್ಕೆ ಕರೆಯಲು ಬಂದಳು. ಗಂಡ ಪೊರಕೆ ಹಿಡಿದು ಒಂದೊಂದೇ ಮೆಟ್ಟಿಲು ಗುಡಿಸುತ್ತಿದ್ದ.

"ಬಾ ಇಲ್ಲಿ," ಎಂದು ಅವಳನ್ನು ಮೇಲೆ ಕರೆದೊಯ್ದ. "ಕೈ ಇಡು."

ಅವಳು ಇಟ್ಟಳು. ಬೆರಳುಗಳು ಆ ಗುರುತಿನೊಳಗೆ ಸರಿಯಾಗಿ ಕೂತವು. ಕೆಳಗೆ ಕಡಸು ಮೆಟ್ಟಿಲಿಂದ ಗುಡಿಸಿ ಹಾಕಿದ ಹುಲ್ಲನ್ನು ಮೇಯುತ್ತಿತ್ತು.