ಗೊತ್ತಿದ್ದೇ ಬರುವ ಖರ್ಚು

ಶಾಲೆಯ ಮಕ್ಕಳನ್ನು ಕರೆದೊಯ್ಯುವ ಆ ವ್ಯಾನಿಗೆ ವರ್ಷಕ್ಕೊಮ್ಮೆ ಮೂರು ಖರ್ಚು ಒಟ್ಟಿಗೇ ಬಂದು ಬಾಗಿಲು ತಟ್ಟುತ್ತಿದ್ದವು: ವಿಮೆ, ತೆರಿಗೆ, ಟೈರು. ಬರುವ ತಾರೀಖು ಮೊದಲೇ ಗೊತ್ತಿರುತ್ತಿತ್ತು. ಆದರೂ ಪ್ರತಿ ವರ್ಷ ಗಂಡ ಹೆಂಡತಿ ಇಬ್ಬರೂ ಆಕಾಶ ತಲೆಯ ಮೇಲೆ ಬಿದ್ದವರ ಹಾಗೆ ಕಂಗಾಲಾಗುತ್ತಿದ್ದರು. ಹಿಂದಿನ ವರ್ಷವಂತೂ ವಿಮೆ ಕಟ್ಟಲಾಗದೆ ವ್ಯಾನು ಹನ್ನೊಂದು ದಿನ ಮನೆ ಮುಂದೆಯೇ ನಿಂತಿತು. ಅಷ್ಟರಲ್ಲಿ ಐದು ಮಕ್ಕಳ ತಂದೆತಾಯಿ ಬೇರೆ ವ್ಯಾನು ನೋಡಿಕೊಂಡರು. ಹೋದವರು ತಿರುಗಿ ಬರಲಿಲ್ಲ.

ವ್ಯಾನು ಓಡಿಸುವವನು ಗಂಡ. ಹೆಂಡತಿ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಕಿಟಕಿ ಪಕ್ಕದ ಮೇಜಿನ ಮೇಲೆ ಯಾರದೋ ಬಾಯಿಯ ಅಚ್ಚು ಇಟ್ಟುಕೊಂಡು, ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಾಕಿಕೊಂಡವರ ಒಸಡು ಹುಣ್ಣಾಗುತ್ತದೆ. ಅಷ್ಟು ಕರಾರುವಾಕ್ಕಾದ ಕೈ ಅವಳದು. ಮನೆಯಲ್ಲಿ ಮಾತ್ರ ದುಡ್ಡು ಬೆರಳ ಸಂದಿಯಲ್ಲಿ ಸೋರಿಹೋಗುತ್ತಿತ್ತು. ಆ ಹನ್ನೊಂದು ದಿನದ ಪಾಡು ಕಂಡಮೇಲೆ ಅವಳು ಮೂರೂ ಖರ್ಚನ್ನು ಕೂಡಿಸಿ ಐವತ್ತೆರಡು ವಾರಕ್ಕೆ ಭಾಗಿಸಿದಳು. ಬಂದ ಮೊತ್ತ ನೋಡಿ ಅವಳಿಗೇ ನಗು ಬಂತು. ಇಷ್ಟೇನಾ!

"ದುಡ್ಡು ನನ್ನ ಹತ್ರ ಇದ್ರೆ ನಾನು ಮುಟ್ತೀನಿ, ನಿಮ್ಮ ಹತ್ರ ಇದ್ರೆ ನೀವು ಮುಟ್ತೀರಿ," ಎಂದಳು ಗಂಡನಿಗೆ. "ಮಾವನ ಹತ್ರ ಇರ್ಲಿ."

ಮಾವ ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅರವತ್ತು ಜನ ತುಂಬಿದ ಬಸ್ಸಿನಲ್ಲಿ ಯಾರಿಗೆ ಎಷ್ಟು ಚಿಲ್ಲರೆ ಬಾಕಿ ಎಂದು ಎಲ್ಲೂ ಬರೆಯದೆ ನೆನಪಿಟ್ಟು, ಇಳಿಯುವ ಮುಂಚೆ ಕೈಗಿಡುತ್ತಿದ್ದವರು. ಸೊಸೆಯ ಮಾತು ಕೇಳಿ ಅವರ ಬೆನ್ನು ನೆಟ್ಟಗಾಯಿತು. "ಆಗ್ಲಿ. ಆದ್ರೆ ಒಂದು ಸಲ ಕೊಟ್ಮೇಲೆ ಸುಮ್‌ಸುಮ್ನೆ ವಾಪಸ್ ಕೇಳೋ ಹಾಗಿಲ್ಲ."

ಹಾಗೇ ನಡೆಯಿತು. ಶನಿವಾರ ಬಂತೆಂದರೆ ಅವಳು ದುಡ್ಡು ಕೊಡುವುದು, ಅವರು ಎರಡು ಸಲ ಎಣಿಸುವುದು. ಒಮ್ಮೆ ಗಂಡ ಫೋನ್ ರಿಪೇರಿಗೆಂದು ಸ್ವಲ್ಪ ಕೇಳಿದ್ದಕ್ಕೆ, "ಮುಂದೆ ನಡೀರಿ, ಮುಂದೆ ನಡೀರಿ" ಎಂದು ಬಸ್ಸಿನ ದನಿಯಲ್ಲೇ ಅವನನ್ನು ಕೋಣೆಯಿಂದ ಹೊರಗೆ ಸಾಗಹಾಕಿದ್ದರು. ಅದನ್ನು ನೆನೆದು ಅವಳು ಎಷ್ಟೋ ದಿನ ಒಬ್ಬಳೇ ನಕ್ಕಿದ್ದಳು.

ವಿಮೆ ಕಟ್ಟುವ ತಾರೀಖಿಗೆ ಇನ್ನು ಮೂರು ವಾರವಿದೆ ಎನ್ನುವಾಗ ಕೇಳಿದಳು, "ಮಾವ, ಎಷ್ಟಾಗಿದೆ ಅಂತ ಒಂದ್ಸಲ ನೋಡೋಣ್ವಾ?"

"ಟೈಮಿಗೆ ಸಿಗುತ್ತೆ," ಎಂದರು ಅವರು. ಅವಳ ಮುಖ ನೋಡಲಿಲ್ಲ.

ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಕೇಳಿದಾಗ ರೇಗಿಬಿಟ್ಟರು. "ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?" ಅವರು ಸೊಸೆಯ ಮೇಲೆ ದನಿಯೇರಿಸಿದ್ದು ಅದೇ ಮೊದಲು.

ಅಲ್ಲಿಂದ ಅವಳ ಎದೆಯಲ್ಲಿ ಹುಳು ಕೊರೆಯತೊಡಗಿತು. ಗಂಡ ಏನಾದರೂ ಪುಸಲಾಯಿಸಿ ತೆಗೆದುಕೊಂಡನೇ? ಊರಿಗೆ ಬಂದಿದ್ದ ನಾದಿನಿ ಕಷ್ಟ ತೋಡಿಕೊಂಡು ಹೋದಳೇ? ಯಾರ ಮೇಲೆ ಅನುಮಾನಪಟ್ಟರೂ ಮರುಗಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಲ್ಯಾಬಿನಲ್ಲಿ ಒಂದು ದಿನ ಎಡಗಡೆಯ ಕೋರೆಹಲ್ಲನ್ನು ಬಲಗಡೆ ಕೂರಿಸಿಬಿಟ್ಟಳು. ಮೇಲ್ವಿಚಾರಕ ಅಚ್ಚನ್ನು ಬೆಳಕಿಗೆ ಹಿಡಿದು, "ಇದನ್ನ ಹಾಕ್ಕೊಂಡೋರು ಹಿಂದುಮುಂದಾಗಿ ನಗ್ಬೇಕಾ?" ಎಂದ. ಎಲ್ಲರೂ ನಕ್ಕರು. ಅವಳು ತಲೆಯೆತ್ತದೆ ಆ ಹಲ್ಲು ಕಿತ್ತು ಮೇಣ ಕರಗಿಸಿದಳು.

ಇನ್ನು ಹನ್ನೆರಡು ದಿನವಿತ್ತು. ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದವಳು ಮಾವನ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಕಪಾಟಿನ ಬಟ್ಟೆಯೆಲ್ಲ ನೆಲದ ಮೇಲಿತ್ತು. ಹಾಸಿಗೆ ಮಗುಚಿತ್ತು. ಮಾವ ಬೂಟಿನೊಳಗೆ ಕೈಹಾಕಿ ತಡಕುತ್ತಿದ್ದರು.

"ಏನು ಹುಡುಕ್ತಿದೀರ ಮಾವ?"

ಅವರು ಮಂಚದ ಅಂಚಿಗೆ ಕುಸಿದು ಕೂತರು. "ಚೀಟಿ ಗೀಟಿ ಏನಾದ್ರೂ ಸಿಗುತ್ತಾ ಅಂತ. ದುಡ್ಡು ಮನೇಲಿ ಇಲ್ಲಮ್ಮ. ಎಲ್ಲೋ ಕಟ್ಟಿ ಬಂದಿದ್ದೀನಿ. ಎಲ್ಲಿ ಅಂತ ಗೊತ್ತಾಗ್ತಿಲ್ಲ."

"ಹಾಗಂದ್ರೆ?"

"ಮರೆವು ಶುರುವಾಗಿದೆ ಅಂತ ನನಗೆ ಆಗ್ಲೇ ಗೊತ್ತಿತ್ತು. ಮನೇಲಿಟ್ರೆ ಇಟ್ಟ ಜಾಗ ಮರ್ತುಬಿಡ್ತೀನಿ ಅಂತ ಹೆದರಿಕೆ. ಅದಕ್ಕೇ ವಾರವಾರ ಹೋಗಿ ಕಟ್ಟಿ ಬರ್ತಿದ್ದೆ. ಒಂದು ಕಿಟಕಿ ಇತ್ತು. ಒಬ್ಳು ಹುಡುಗಿ ನಗ್ತಾ ಮಾತಾಡ್ಸೋಳು. ಅಷ್ಟೇ ನೆನಪು." ಆಮೇಲೆ ಸಣ್ಣ ದನಿಯಲ್ಲಿ, "ಅವನಿಗೆ ಹೇಳ್ಬೇಡ," ಎಂದರು.

ಅವಳಿಗೆ ಸಿಟ್ಟು ಉಕ್ಕಿ ಬಂತು. ಆದರೆ ಬೂಟು ಹಿಡಿದೇ ಕೂತಿದ್ದ ಅವರನ್ನು ನೋಡಿ ಯಾರ ಮೇಲೆ ತೀರಿಸುವುದೆಂದು ತಿಳಿಯದೆ ನುಂಗಿಕೊಂಡಳು. "ಹೋಗ್ತಿದ್ದಿದ್ದು ಹೇಗೆ? ನಡ್ಕೊಂಡಾ?"

"ಬಸ್ಸಲ್ಲಿ. ನನ್ನ ರೂಟಲ್ಲೇ."

ಲ್ಯಾಬಿಗೆ ಫೋನ್ ಮಾಡಿ ಅರ್ಧ ದಿನ ರಜೆ ಹೇಳಿದಳು. ಇಬ್ಬರೂ ಬಸ್ಸು ಹತ್ತಿದರು. ಸೀಟು ಖಾಲಿಯಿದ್ದರೂ ಮಾವ ಬಾಗಿಲ ಕಂಬಿ ಹಿಡಿದೇ ನಿಂತರು. ನಿಲ್ದಾಣ ಕಣ್ಣಿಗೆ ಬೀಳುವ ಮುಂಚೆಯೇ ಮುಂದೆ ಬರುವುದೆಲ್ಲದರ ಹೆಸರನ್ನೂ ಸಾಲಾಗಿ ಹೇಳಿದರು. ಗಡಿಯಾರ ಕಂಬ. ಹೆರಿಗೆ ಆಸ್ಪತ್ರೆ. ನೂಲಿನ ಗಿರಣಿ. ಹಳೇ ಜೈಲು. ಒಂದೂ ತಪ್ಪಲಿಲ್ಲ. ಇಳಿಯುತ್ತಿದ್ದದ್ದು ಯಾವುದರಲ್ಲಿ ಎಂದರೆ ಮಾತ್ರ ಮುಖ ಬಿಳಿಚಿಕೊಳ್ಳುತ್ತಿತ್ತು.

ಗಡಿಯಾರ ಕಂಬದಲ್ಲಿ ಇಳಿದು ಎರಡು ಬ್ಯಾಂಕು ನೋಡಿದರು. ಗುಮಾಸ್ತರು ಕಂಪ್ಯೂಟರ್ ನೋಡಿ ಇಲ್ಲವೆಂದು ತಲೆಯಾಡಿಸಿದರು. ಅಂಚೆ ಕಚೇರಿಯಲ್ಲಿ ಮುಕ್ಕಾಲು ಗಂಟೆ ಸಾಲು ನಿಂತದ್ದೇ ಬಂತು. ಟೈರಿಗೆ ಮುಂಗಡ ಕೊಟ್ಟಿರಬಹುದೇ ಎಂದು ವಿಚಾರಿಸಿದರೆ ಅಂಗಡಿಯವನು ಮಾವನನ್ನು ಗುರುತು ಹಿಡಿದು ಖುಷಿಪಟ್ಟ, ಆದರೆ ದುಡ್ಡಿನ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಹೆರಿಗೆ ಆಸ್ಪತ್ರೆಯ ಮುಂದಿನ ಬೆಂಚಿನಲ್ಲಿ ಮಾವ ಕೂತವರು ಏಳಲಿಲ್ಲ.

"ತಿಂದುಹಾಕಿದ ಅಂತ ಅನ್ನು ಬೇಕಾದ್ರೆ," ಎಂದರು. "ನಾನು ಏನೂ ಅನ್ಕೊಳ್ಳಲ್ಲ."

"ಸುಮ್ನಿರಿ ಮಾವ. ನೀರು ಕುಡೀರಿ," ಎಂದಳು. ಗಂಟೆ ನಾಲ್ಕು ದಾಟಿತ್ತು. ಐದಕ್ಕೆ ಎಲ್ಲ ಕಿಟಕಿಯೂ ಮುಚ್ಚುತ್ತದೆ. ಸಂಜೆ ಗಂಡ ಎದುರಾದರೆ ಏನು ಹೇಳುವುದೆಂದು ಒಳಗೊಳಗೇ ಮಾತು ಹೊಂದಿಸುತ್ತಿದ್ದಳು. ಒಂದೂ ಹೊಂದುತ್ತಿರಲಿಲ್ಲ.

ಮಾವನನ್ನು ಎಬ್ಬಿಸಿ ಮುಂದಿನ ಬಸ್ಸು ಹತ್ತಿಸಿದಳು. ಅದು ನೂಲಿನ ಗಿರಣಿಯಲ್ಲಿ ನಿಂತಾಗ ಅವಳು ಇನ್ನೂ ಸೀಟಿನಲ್ಲೇ ಇದ್ದಳು. ನೋಡುವಷ್ಟರಲ್ಲಿ ಮಾವ ಇಳಿದಾಗಿತ್ತು. ಹಿಂದೆ ತಿರುಗದೆ ರಸ್ತೆ ದಾಟಿದರು, ಔಷಧಿ ಅಂಗಡಿಯ ಪಕ್ಕಕ್ಕೆ ಹೊರಳಿದರು, ನಾಲ್ಕು ಮೆಟ್ಟಿಲು ಹತ್ತಿದರು. ತಲೆ ಮರೆತದ್ದನ್ನು ಕಾಲು ಮರೆತಿರಲಿಲ್ಲ. ಅವಳು ಏದುಸಿರು ಬಿಡುತ್ತ ಓಡಿ ಬಂದಾಗ ಬೋರ್ಡು ಕಾಣಿಸಿತು: ಗಿರಣಿ ನೌಕರರ ಸಹಕಾರ ಸಂಘ.

"ಬನ್ನಿ ಅಜ್ಜ!" ಕಿಟಕಿಯ ಹಿಂದಿದ್ದ ಹುಡುಗಿ ನಕ್ಕಳು. "ಎರಡು ತಿಂಗಳಾಯ್ತಲ್ಲ ನೀವು ಬಂದು. ಹುಷಾರಿಲ್ವೇನೋ ಅಂದ್ಕೊಂಡಿದ್ದೆ. ಮನೇಲಿ ಕಳ್ಕೋತೀನಿ, ಇಲ್ಲೇ ಇರ್ಲಿ ಅಂದಿದ್ರಲ್ಲ, ನಿಮ್ಮ ಪಾಸ್‌ಬುಕ್ ಜೋಪಾನವಾಗಿದೆ." ಡ್ರಾಯರಿನಿಂದ ಅದನ್ನು ತೆಗೆದು ಕೊಟ್ಟಳು. ಮಾವ ಪಾಸ್‌ಬುಕ್ಕನ್ನು ಎದೆಗೊತ್ತಿಕೊಂಡು ಗೋಡೆಗೊರಗಿದರು.

ಅದರಲ್ಲಿ ನಲವತ್ತೊಂದು ವಾರದ ದುಡ್ಡಿತ್ತು. ಆಮೇಲಿನ ಒಂಬತ್ತು ವಾರದ್ದು ಎಲ್ಲಿ ಹೋಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ವಿಮೆ, ತೆರಿಗೆ ಕಟ್ಟಿದರು. ಟೈರು ನಾಲ್ಕರ ಬದಲು ಎರಡು ಬಂದವು. ವ್ಯಾನು ನಿಲ್ಲಲಿಲ್ಲ.

ಗಂಡನಿಗೆ ಹೇಳದೆ ಇರುವುದಾಗಲಿಲ್ಲ. ಮಾವನೇ, "ಹೇಳಿಬಿಡು," ಎಂದರು. ಅವನು ಮೊದಲು ಹೆಂಡತಿಯ ಮೇಲೆ ಕೂಗಾಡಿದ, ಮೂರನೆಯ ದಿನ ತಂದೆಯನ್ನು ಡಾಕ್ಟರ ಹತ್ತಿರ ಕರೆದೊಯ್ದ. ಅವಳೂ ಜೊತೆಗೆ ಹೋದಳು. ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದರು ಡಾಕ್ಟರು. ಮುಂದೆ ಹಗಲು ಹೊತ್ತು ಅವರನ್ನು ನೋಡಿಕೊಳ್ಳಲು ಒಬ್ಬರನ್ನು ಇಡಬೇಕಾಗುತ್ತದೆ ಎಂದೂ ಹೇಳಿದರು.

"ಅದಕ್ಕೆ ತಿಂಗಳಿಗೆ ಎಷ್ಟಾಗ್ಬಹುದು?" ಎಂದಳು ಅವಳು.

ಹೊರಗೆ ಬಂದದ್ದೇ ಗಂಡ ಸಿಡುಕಿದ. "ಅಪ್ಪನ ವಿಷಯದಲ್ಲೂ ಲೆಕ್ಕನಾ ನಿಂಗೆ?"

"ಬರುತ್ತೆ ಅಂತ ಗೊತ್ತಿದ್ದೂ ಕಣ್ಮುಚ್ಕೊಂಡು ಕೂತ್ರೆ ಅನುಭವಿಸೋರು ಅವರು ತಾನೆ?" ಎಂದಳು.

ಈ ಖರ್ಚಿಗೆ ತಾರೀಖು ಇರಲಿಲ್ಲ. ಎಷ್ಟು ವಾರಕ್ಕೆ ಭಾಗಿಸುವುದೆಂದೇ ತಿಳಿಯದೆ ಅವಳು ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಕೊನೆಗೆ ಕೈಯಲ್ಲಾಗುವಷ್ಟು ಎಂದು ನಿಶ್ಚಯಿಸಿ ತನ್ನ ಹೆಸರಿಗೊಂದು ಖಾತೆ ತೆರೆದಳು. ಪಿಂಚಣಿ ಬಂದ ದಿನ ಮಾವ, ಮನೆಯಲ್ಲಿ ಆ ಖಾತೆಯ ಪಾಸ್‌ಬುಕ್ ನೋಡುತ್ತ ಕೂತಿದ್ದ ಅವಳ ಎದುರು ಬಂದು ನಿಂತರು.

"ಇದು ನನ್ನ ಖರ್ಚಿಗಾ?"

ಅಲ್ಲ ಎಂಬ ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ಆಡಲಿಲ್ಲ. "ಹೌದು ಮಾವ," ಎಂದಳು.

ಅವರು ಪಿಂಚಣಿಯನ್ನು ಎರಡು ಭಾಗ ಮಾಡಿ ಒಂದನ್ನು ಅವಳ ಮುಂದಿಟ್ಟರು. "ಹಾಗಾದ್ರೆ ನಾನೂ ಸೇರಿಸ್ತೀನಿ. ಇನ್ನೂ ತಿಳಿವಳಿಕೆ ಇದೆಯಲ್ಲ."

ಅವಳು ಎಣಿಸಿದಳು. ಅವರು ಎದುರಿಗೆ ನಿಂತು, ತುಟಿ ಆಡಿಸುತ್ತ, ತಾವೂ ಎಣಿಸಿದರು.